ಮಲೆನಾಡಿನ ಹಾದಿಯಲ್ಲಿ ಸೈಕಲ್ ಸವಾರಿ

ಕಾಯಕ ಮಾಡುವ ದೇಹಕ್ಕೆ ಬೇರೆ ವ್ಯಾಯಾಮವೇಕೆ ಎಂದು ಭಕ್ತರು ಕೇಳುವುದುಂಟು. ತೋಟಕ್ಕೆ ನಡೆದೇ ಹೋಗುತ್ತಿದ್ದ ಕಾಲಕ್ಕೆ ಆ ಮಾತು ಸಲ್ಲುತ್ತಿತ್ತು. ಬೇಲಿಯವರೆಗೂ ಬೈಕಿನಲ್ಲಿ ಹೋಗುವ ನಮಗೆ ಇಂದು ಸಲ್ಲದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐದು ದಿನ ಅರ್ಧ ಗಂಟೆ ಸೈಕಲ್ ತುಳಿದರೆ ಅದು ಪೂರೈಸುತ್ತದೆ.

ಇದಕ್ಕೆ ನಮ್ಮ ಸೀಮೆ ಬಲು ಅನುಕೂಲ. ಸಾಗರದ ಕೆಳದಿ-ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ: ಕೆಳದಿ ಅರಸರ ಈ ನೆಲೆಗಳ ಸುತ್ತ ಊರಿಂದೂರಿಗೆ ಮಣ್ಣುದಾರಿಗಳಿವೆ, ಶರಾವತಿ ಹಿನ್ನೀರಿನ ದಂಡೆಯಿದೆ. ಆದರೆ ಸವಾರಿಗೆಂದು ಕಾಡು ಕಡಿದು ಹೊಸ ಜಾಡು ಮಾಡುವುದನ್ನು ನಾವು ಒಪ್ಪುವುದಿಲ್ಲ. ಇರುವ ದಾರಿಯೇ ಸಾಕು.

ಪೆಡಲು ಕೆಳಗಿರುವಾಗ ಮಂಡಿ ತುಸುವೇ ಬಾಗುವಂತೆ ಸೀಟಿನ ಎತ್ತರವಿರಲಿ. ತಲೆಗೆ ಹೆಲ್ಮೆಟ್ ಇರಲಿ. ಮಳೆಗಾಲದಲ್ಲಿ ಹುಲಿಕಲ್, ಆಗುಂಬೆ ಘಾಟಿಗಳ ಸಾಹಸ ಬೇಡ. ಹೃದ್ರೋಗ, ಮಂಡಿನೋವು ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಲಿ. ಏರಿನಲ್ಲಿ ಇಳಿದು ತಳ್ಳುವುದಕ್ಕೆ ನಾಚಬೇಕಿಲ್ಲ, ಅದೂ ಶ್ರಮವೇ.

ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲಿಗೆ ಎಣ್ಣೆ ಹಾಕಿರಿ. ಸಮೀಪದ ಊರುಗಳ ಸದ್ಭಕ್ತರು ಬರುವ ಸೋಮವಾರ ಅದರಲ್ಲಿಯೇ ಮಠಕ್ಕೆ ಬರಲಿ ಎಂಬುದು ನಮ್ಮ ಆಶಯ.