ಬಜರ್ ಒತ್ತಿದರೆ ಭೂಗೋಳ ಬಂತಾ?

ಬುರ್ಕಿನಾ ಫಾಸೋದ ರಾಜಧಾನಿ ವಾಗಡೂಗು. ಇಷ್ಟು ಗೊತ್ತಿದ್ದರೆ ಬೆಂಗಳೂರಿನ ಹೈಸ್ಕೂಲ್ ಭೂಗೋಳ ಕ್ವಿಜ್‌ಗಳಲ್ಲಿ ಹತ್ತು ಅಂಕ ಗ್ಯಾರಂಟಿ. ಆ ದೇಶಕ್ಕೆ ಸಮುದ್ರವೇ ಇಲ್ಲವಲ್ಲ, ಹೊರಗಿನ ಸರಕು ಹೇಗೆ ಬರುತ್ತೆ ಅಂತ ಮಾತ್ರ ಯಾರೂ ಕೇಳಲ್ಲ. (ಐವರಿ ಕೋಸ್ಟಿನ ಅಬಿಜಾನ್ ಬಂದರಿನಿಂದ ಒಂದು ರೈಲು ಮಾರ್ಗ ಇದೆ. ಆ ರೈಲಿನ ಬೆನ್ನು ಹತ್ತಿದರೆ ಪಶ್ಚಿಮ ಆಫ್ರಿಕಾದ ಅರ್ಧ ಭೂಗೋಳ ತಾನಾಗೇ ಬರುತ್ತೆ.) ಯಾಕೆ ಕೇಳಲ್ಲ ಅಂದ್ರೆ, ಅದಕ್ಕೆ ಉತ್ತರ ಹೇಳೋಕೆ ಎರಡು ನಿಮಿಷ ಬೇಕು. ಬಜರ್ ರೌಂಡಿನಲ್ಲಿ ಸಿಗೋದು ಐದು ಸೆಕೆಂಡು.

ಭೂಗೋಳ ಅಂತ ಬ್ಯಾನರ್ ಕಟ್ಟಿ ನಾವು ನಡೆಸ್ತಿರೋದು ಹೆಸರುಗಳ ಸ್ಪರ್ಧೆ. ಅದಕ್ಕಿಂತ ಕೆಟ್ಟ ವಿಷಯ ಏನಂದ್ರೆ, ನೆಲ ನೋಡಿ ಯೋಚನೆ ಮಾಡಬಲ್ಲ ಮಕ್ಕಳನ್ನ ಆಯ್ಕೆಯ ಹಂತದಲ್ಲೇ ವಾಪಸ್ ಕಳಿಸ್ತಿದ್ದೀವಿ. ಇದರಲ್ಲಿ ನಿಮ್ಮನ್ನೂ ಸೇರಿಸಿಯೇ "ನಾವು" ಅಂತಿದ್ದೀನಿ. ಈ ಕ್ವಿಜ್‌ಗಳಲ್ಲಿ ಎಷ್ಟೋ ನಡೆಯೋದು ನಮ್ಮ ಕಂಪನಿಗಳ ಸಿಎಸ್‌ಆರ್ ದುಡ್ಡಲ್ಲಿ. ವೀಕೆಂಡಿನಲ್ಲಿ ವಾಲಂಟಿಯರ್ ಟೀ ಶರ್ಟ್ ಹಾಕ್ಕೊಂಡು ಸ್ಕೋರ್ ಬರೆಯೋಕೆ ಹೋಗೋದು ನಾವೇ. ನಾನೂ ನಾಲ್ಕೈದು ವರ್ಷದಿಂದ ಇಂಥ ಕ್ವಿಜ್‌ಗಳಿಗೆ ಪ್ರಶ್ನೆ ಬರೆದುಕೊಡ್ತಿದ್ದೀನಿ.

ಕ್ವಿಜ್ ಕಡೆ ಸುಳಿಯದವರಿಗಾಗಿ ಇದು ನಡೆಯೋ ರೀತಿ ಹೇಳಿಬಿಡ್ತೀನಿ. ಶಾಲೆಗೆ ಒಂದು ಸುತ್ತೋಲೆ ಬರುತ್ತೆ: ಒಂದು ಶಾಲೆಯಿಂದ ಎರಡು ತಂಡ, ತಂಡಕ್ಕೆ ಇಬ್ಬರು. ಆ ಇಬ್ಬರು ಯಾರು ಅಂತ ನಿರ್ಧರಿಸೋದು ಸಮಾಜ ವಿಜ್ಞಾನದ ಟೀಚರ್. ಅವರು ಆರಿಸೋದು ಸಾಮಾನ್ಯವಾಗಿ ಕ್ಲಾಸಿಗೆ ಫಸ್ಟ್ ಬರೋರನ್ನ, ಇಲ್ಲಾ ಇಂಗ್ಲಿಷ್ ಸರಾಗವಾಗಿ ಮಾತಾಡೋರನ್ನ. ಶನಿವಾರ ಬೆಳಿಗ್ಗೆ ಎಲ್ಲ ತಂಡಗಳೂ ಒಂದು ಆಡಿಟೋರಿಯಮ್ಮಿನಲ್ಲಿ ಕೂತು ಪ್ರಿಲಿಮ್ಸ್ ಬರೀತವೆ. ಇಪ್ಪತ್ತೋ ಇಪ್ಪತ್ತೈದೋ ಪ್ರಶ್ನೆ, ಒಂದೊಂದಕ್ಕೆ ಅರ್ಧ ನಿಮಿಷ. ಎರಡು ತಂಡಕ್ಕೆ ಸಮ ಅಂಕ ಬಂದ್ರೆ ನಕ್ಷತ್ರ ಹಾಕಿದ ಪ್ರಶ್ನೆಗಳನ್ನ ಯಾರು ಹೆಚ್ಚು ಸರಿ ಮಾಡಿದ್ದಾರೆ ಅಂತ ನೋಡ್ತಾರೆ. ಮೇಲಿನ ಆರು ತಂಡ ವೇದಿಕೆಗೆ. ಉಳಿದವರು ಪ್ರೇಕ್ಷಕರು, ಅವರ ಪಾಲಿಗೆ ಚಾಕಲೇಟು. ವೇದಿಕೆ ಮೇಲೆ ಡೈರೆಕ್ಟು, ಪಾಸು, ಬೌನ್ಸು, ಬಾವುಟ ತೋರಿಸೋ ವಿಷುಯಲ್ ರೌಂಡು, ಕೊನೆಗೆ ಬಜರ್. ತಪ್ಪಾದ್ರೆ ಮೈನಸ್. ಮಧ್ಯಾಹ್ನದ ಹೊತ್ತಿಗೆ ಬಹುಮಾನ, ಫೋಟೋ, ಊಟ.

ಇದರಲ್ಲಿ ಮಜಾ ಇಲ್ಲ ಅಂತ ನಾನು ಹೇಳ್ತಿಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇರೋ ಊರು ಸ್ವಾಮಿ ಇದು. ಒಳ್ಳೆ ಪ್ರಶ್ನೆ ಅಂದ್ರೆ ಉತ್ತರ ಮೊದಲೇ ಗೊತ್ತಿಲ್ಲದಿದ್ರೂ ತಲೆ ಓಡಿಸಿ ತಲುಪಬಹುದಾದ ಪ್ರಶ್ನೆ ಅಂತ ಇಲ್ಲಿನ ಕ್ವಿಜ್ ಮಂದಿಗೆ ಯಾರೂ ಪಾಠ ಮಾಡಬೇಕಿಲ್ಲ. ದೊಡ್ಡವರ ಕ್ವಿಜ್‌ನಲ್ಲಿ ಪಾಲಿಸೋ ಈ ಮರ್ಯಾದೆ ಮಕ್ಕಳ ಭೂಗೋಳಕ್ಕೆ ಬಂದಾಗ ಎಲ್ಲಿಗೆ ಹೋಗುತ್ತೆ ಅನ್ನೋದೇ ನನ್ನ ಸಿಟ್ಟು.

ಒಂದು ಉದಾಹರಣೆ. ದಕ್ಷಿಣ ಬೆಂಗಳೂರಿನಲ್ಲಿ ದಿಬ್ಬದ ನೆತ್ತಿ ಮೇಲೆ ಇರೋ ಒಂದು ಶಾಲೆ. ಅಲ್ಲಿನ ಫೈನಲ್‌ಗೆ ನಾನು ಒಂದು ಪ್ರಶ್ನೆ ಬರೆದುಕೊಟ್ಟಿದ್ದೆ: ಈ ಶಾಲೆಯ ಗೇಟಿನ ಮುಂದೆ ಬಿದ್ದ ಮಳೆನೀರು ಯಾವ ನದಿ ಹಿಡಿದು ಸಮುದ್ರ ಸೇರುತ್ತೆ? ಆರೂ ತಂಡ ಗಪ್‌ಚಿಪ್. ಅರ್ಧ ಗಂಟೆ ಮುಂಚೆ ಅಂಟನಾನಾರಿವೊ, ಉಲಾನ್‌ಬಾತರ್ ಅಂತ ಪಟಪಟ ಉದುರಿಸಿದ ಮಕ್ಕಳೇ ಅವರು. ಪ್ರಶ್ನೆ ಪ್ರೇಕ್ಷಕರಿಗೆ ಹೋಯ್ತು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತು ಕನ್ನಡದಲ್ಲಿ ಕೇಳಿದಳು: "ಸರ್, ಗೇಟಿನ ಯಾವ ಕಡೆ? ಎಡಗಡೆ ರೋಡು ಆ ಕಡೆ ಇಳಿಯುತ್ತೆ, ಬಲಗಡೆ ಈ ಕಡೆ."

ಬಸ್ ಸ್ಟಾಪಿಂದ ನಡ್ಕೊಂಡು ಬರ್ತಾ ನೋಡಿದ್ದಳಂತೆ. ಪ್ರಶ್ನೆಯ ಒಳಗಿದ್ದ ಗಂಟೇ ಅದು! ಆ ದಿಬ್ಬದ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರಿ, ಅರ್ಕಾವತಿಗೆ ಹೋಗಿ, ಕಾವೇರಿ ಆಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೇ, ಆದರೆ ದಾರಿ ಬೇರೆ. ಅವತ್ತಿಡೀ ಆ ಹಾಲಿನಲ್ಲಿ ಕೇಳಿಬಂದ ಒಂದೇ ಒಂದು ಭೂಗೋಳದ ಮಾತು ಅದು. ಸಂಘಟಕರು ಏನಂದ್ರು ಗೊತ್ತಾ? ನದಿ ಹೆಸರು ಹೇಳಿಲ್ವಲ್ಲ, ಉತ್ತರ ಅಂತ ತಗೊಳ್ಳೋಕಾಗಲ್ಲ. ನಾನು ಎಷ್ಟು ವಾದಿಸಿದ್ರೂ ಆ ಹುಡುಗಿಗೆ ಚಾಕಲೇಟೂ ಸಿಗಲಿಲ್ಲ. ಹತ್ತಿರದ ಸರ್ಕಾರಿ ಹೈಸ್ಕೂಲಿನವಳು. ಇಂಗ್ಲಿಷಿನಲ್ಲಿದ್ದ ಪ್ರಿಲಿಮ್ಸ್‌ನಲ್ಲಿ ಅವಳ ತಂಡಕ್ಕೆ ಬಂದಿದ್ದು ಇಪ್ಪತ್ತೈದಕ್ಕೆ ನಾಲ್ಕು.

ಈ ಅಚ್ಚು ನಾವೇ ಕಂಡುಹಿಡಿದದ್ದಲ್ಲ. ಇದರ ದೊಡ್ಡ ಮಾದರಿ ಅಮೆರಿಕದ್ದು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ 1989ರಿಂದ ಅಲ್ಲಿ ಜಿಯಾಗ್ರಫಿ ಬೀ ಅಂತ ನಡೆಸ್ತಿತ್ತು. ನಾಲ್ಕರಿಂದ ಎಂಟನೇ ಕ್ಲಾಸಿನವರೆಗಿನ ಮಕ್ಕಳಿಗೆ, ಅಂದ್ರೆ ಹೈಸ್ಕೂಲಿನ ಹೊಸ್ತಿಲವರೆಗೆ. ಮೊದಲು ಶಾಲೆ ಫೀಸು ಕಟ್ಟಿ ಹೆಸರು ನೋಂದಾಯಿಸಬೇಕು. ಶಾಲೆಯಲ್ಲಿ ಗೆದ್ದವರು ಒಂದು ಅರ್ಹತಾ ಪರೀಕ್ಷೆ ಬರೀಬೇಕು. ಪ್ರತಿ ರಾಜ್ಯದಲ್ಲಿ ಅದರ ಮೇಲಿನ ನೂರು ಮಕ್ಕಳಿಗೆ ರಾಜ್ಯ ಸುತ್ತು. ರಾಜ್ಯಗಳು, ರಾಜಧಾನಿ, ದ್ವೀಪ ಪ್ರಾಂತ್ಯಗಳು, ಸೇನಾ ಶಾಲೆಗಳು ಎಲ್ಲ ಸೇರಿ 54 ಮಕ್ಕಳು ವಾಷಿಂಗ್ಟನ್‌ಗೆ. ಅಲೆಕ್ಸ್ ಟ್ರೆಬೆಕ್ ಅಂಥ ಟಿವಿ ಸ್ಟಾರ್ 25 ವರ್ಷ ಅದರ ನಿರೂಪಕ. ಕೊನೆ ವರ್ಷಗಳಲ್ಲಿ ಮೊದಲ ಬಹುಮಾನ 50,000 ಡಾಲರ್ ವಿದ್ಯಾರ್ಥಿವೇತನ. 2012ರಿಂದ 2019ರವರೆಗೆ ಸತತ ಎಂಟು ವರ್ಷ ಗೆದ್ದಿದ್ದು ಭಾರತೀಯ ಮೂಲದ ಮಕ್ಕಳೇ. 2013ರಲ್ಲಿ ಗೆದ್ದ ಹುಡುಗನ ಅಪ್ಪ ಅಮ್ಮ ನಮ್ಮ ಕರ್ನಾಟಕದ ಕಡೆಯವರು.

ಆ ಹುಡುಗನ ಶ್ರಮಕ್ಕೆ ನನ್ನ ಸಲಾಂ. ಆದರೆ ಅವನನ್ನ ಗೆಲ್ಲಿಸಿದ ಪ್ರಶ್ನೆ ನೋಡಿ. ಭೂಮಿ ಸಮಭಾಜಕದ ಹತ್ತಿರ ಉಬ್ಬಿರೋದ್ರಿಂದ ಭೂಮಿಯ ಕೇಂದ್ರದಿಂದ ಅತಿ ದೂರ ಇರೋದು ಈಕ್ವೆಡಾರ್‌ನ ಒಂದು ಶಿಖರದ ತುದಿ, ಅದರ ಹೆಸರೇನು ಅಂತ. ಉತ್ತರ ಚಿಂಬೊರಾಜೊ. ಗಮನಿಸಿದ್ರಾ? ಭೂಗೋಳ ಅನ್ನೋದೆಲ್ಲ ಪ್ರಶ್ನೆಯಲ್ಲೇ ಮುಗಿದುಹೋಗಿದೆ, ಹುಡುಗನಿಗೆ ಉಳಿದಿದ್ದು ಹೆಸರು ಮಾತ್ರ. ಅದನ್ನೇ ತಿರುಗಿಸಿ ಕೇಳಬಹುದಿತ್ತಲ್ಲ. ಚಿಂಬೊರಾಜೊ 6,263 ಮೀಟರ್, ಎವರೆಸ್ಟ್ 8,849. ಆದರೂ ಭೂಮಿಯ ಕೇಂದ್ರದಿಂದ ಅಳೆದ್ರೆ ಚಿಂಬೊರಾಜೊ ತುದಿಯೇ ಸುಮಾರು ಎರಡು ಕಿಲೋಮೀಟರ್ ಹೆಚ್ಚು ದೂರ. ಯಾಕೆ? ಒಂಬತ್ತನೇ ಕ್ಲಾಸಿನ ಮಗುವಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಹತ್ತು ನಿಮಿಷ ಬಿಟ್ರೆ ಅಕ್ಷಾಂಶ, ಸಮುದ್ರಮಟ್ಟ, ಭೂಮಿಯ ಆಕಾರ ಎಲ್ಲವನ್ನೂ ಅದೇ ಹೊರಗೆ ತೆಗೆಯುತ್ತೆ.

ಆ ಬೀ ಈಗ ಇಲ್ಲ. 2020ರಲ್ಲಿ ಕೋವಿಡ್ ಅಂತ ರದ್ದಾಯ್ತು, 2021ರಲ್ಲಿ ಶಾಶ್ವತವಾಗಿ ನಿಲ್ಲಿಸಿದ್ರು. ಅವರು ಅಂಗಡಿ ಮುಚ್ಚಿದ ಮೇಲೂ ನಾವು ಅದೇ ಸರಕು ಮಾರ್ತಿದ್ದೀವಿ.

ಬೇರೆ ದಾರಿ ಇಲ್ಲವಾ ಅಂದ್ರೆ ಇದೆ, 1996ರಿಂದ ಇದೆ. ಅಂತರರಾಷ್ಟ್ರೀಯ ಭೂಗೋಳ ಒಲಿಂಪಿಯಾಡ್, ಚಿಕ್ಕದಾಗಿ ಐಜಿಯೋ. ಬೆಲ್ಜಿಯಂ, ಜರ್ಮನಿ, ನೆದರ್‌ಲ್ಯಾಂಡ್ಸ್, ಪೋಲೆಂಡ್, ಸ್ಲೊವೇನಿಯಾ, ಈ ಐದು ದೇಶ ಸೇರಿ ಹೇಗ್ ನಗರದಲ್ಲಿ ಶುರು ಮಾಡಿದ್ದು. 16ರಿಂದ 19 ವಯಸ್ಸಿನವರು, ಇನ್ನೂ ಡಿಗ್ರಿಗೆ ಸೇರದವರು, ದೇಶಕ್ಕೆ ನಾಲ್ಕು ಜನ. ಬಜರ್ ಇಲ್ಲ. ದೀರ್ಘ ಉತ್ತರದ ಲಿಖಿತ ಪರೀಕ್ಷೆಗೆ ಶೇ. 40 ಅಂಕ. ತೆರೆ ಮೇಲೆ ಚಿತ್ರ, ನಕ್ಷೆ ತೋರಿಸಿ ಕೇಳೋ ಬಹು ಆಯ್ಕೆ ಪ್ರಶ್ನೆಗಳಿಗೆ ಶೇ. 20. ಉಳಿದ 40 ಫೀಲ್ಡ್‌ವರ್ಕ್‌ಗೆ. ಮಕ್ಕಳನ್ನ ಒಂದು ಬೀದಿಗೋ ಹಳ್ಳಿಗೋ ನದಿ ದಂಡೆಗೋ ಕರ್ಕೊಂಡು ಹೋಗಿ ಬಿಡ್ತಾರೆ. ಅವರು ಸುತ್ತ ನೋಡಿ, ಗುರುತು ಹಾಕ್ಕೊಂಡು, ತಾವೇ ನಕ್ಷೆ ಬರೆದು, ಈ ಜಾಗಕ್ಕೆ ಏನು ಮಾಡಬಹುದು ಅಂತ ಸಲಹೆ ಕೊಡಬೇಕು. ಆ ಗೇಟಿನ ಹುಡುಗಿಗೆ ಅಲ್ಲಿ ಅಂಕ ಬೀಳ್ತಿತ್ತು.

ಆ ನಾಲ್ಕು ಜನರನ್ನ ಆರಿಸೋದು ಆಯಾ ದೇಶಕ್ಕೆ ಬಿಟ್ಟದ್ದು. ಪೋಲೆಂಡಿನಲ್ಲಿ ಭೂಗೋಳ ಒಲಿಂಪಿಯಾಡ್ 1974ರಿಂದ ನಡೀತಿದೆ. ಮೊದಲ ಹಂತದಲ್ಲಿ ವಿದ್ಯಾರ್ಥಿ ಒಂದು ವಿಷಯ ತಗೊಂಡು ತಾನೇ ಪ್ರಬಂಧ ಸಿದ್ಧಮಾಡಬೇಕು. ಆಮೇಲೆ ಪ್ರಾದೇಶಿಕ ಹಂತ, ಆಮೇಲೆ ರಾಷ್ಟ್ರಮಟ್ಟ. ಅಲ್ಲಿವರೆಗೆ ತಲುಪಿದವರಿಗೆ ಶಾಲೆ ಮುಗಿಸೋ ಪರೀಕ್ಷೆಯ ಭೂಗೋಳದಲ್ಲಿ ಪೂರ್ತಿ ಅಂಕ. ಇದೆಲ್ಲ ನಡೆಯೋದು ಪೋಲಿಷ್ ಭಾಷೆಯಲ್ಲಿ. ಐಜಿಯೋದ ಭಾಷೆ ಇಂಗ್ಲಿಷೇ, ಆದರೆ ಅದನ್ನ ಎದುರಿಸಬೇಕಾದವರು ಕೊನೆಗೆ ಉಳಿದ ನಾಲ್ಕು ಜನ ಮಾತ್ರ. ನಮ್ಮಲ್ಲಿ ಮೊದಲ ದಿನದ ಮೊದಲ ಸ್ಲೈಡಿನಲ್ಲೇ ಇಂಗ್ಲಿಷ್ ಜರಡಿ ಹಿಡೀತೀವಿ.

ಭಾರತದಲ್ಲಿ ಗಣಿತ, ಭೌತ, ರಸಾಯನ, ಜೀವ, ಖಗೋಳ ವಿಜ್ಞಾನಗಳ ಒಲಿಂಪಿಯಾಡ್‌ಗೆ ಮಕ್ಕಳನ್ನ ತಯಾರು ಮಾಡೋದು ಮುಂಬೈನ ಹೋಮಿ ಭಾಭಾ ಕೇಂದ್ರ. ಆ ಪಟ್ಟಿಯಲ್ಲಿ ಭೂಗೋಳ ಇಲ್ಲ. ಹತ್ತಿರದ ನೆಂಟ ಅಂದ್ರೆ ಭೂವಿಜ್ಞಾನ ಒಲಿಂಪಿಯಾಡ್. ಅದಕ್ಕೆ ಪ್ರವೇಶ ಪರೀಕ್ಷೆ, ತರಬೇತಿ ಶಿಬಿರ, ಕೊನೆಗೆ ನಾಲ್ಕು ಜನರ ತಂಡ ಅಂತ ವ್ಯವಸ್ಥೆ ಕಟ್ಟಿದ್ದು ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ. ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. 2013ರಲ್ಲಿ ಆ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿದ್ದೂ ನಮ್ಮ ಮೈಸೂರಿನಲ್ಲಿ. ನಿಮ್ಮ ಅಪಾರ್ಟ್‌ಮೆಂಟಿನ ಪೇರೆಂಟ್ಸ್ ಗ್ರೂಪಿನಲ್ಲಿ ಒಮ್ಮೆ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತು ಅಂತ. ಆ ಗ್ರೂಪಿಗೆ ಗೊತ್ತಿರೋ ಒಲಿಂಪಿಯಾಡೇ ಬೇರೆ: ಶಾಲೆ ಮೂಲಕ ಫೀಸು, ಓಎಂಆರ್ ಶೀಟು, ತಿಂಗಳಾದ ಮೇಲೆ ಸರ್ಟಿಫಿಕೇಟು, ಜೊತೆಗೊಂದು ಮೆಡಲು. ಹೆಸರೊಂದೇ ಅಂತ ಅದು ಇದಾಗಲ್ಲ.

"ಹೆಸರೇ ಗೊತ್ತಿಲ್ಲದೆ ಯೋಚನೆ ಹೆಂಗೆ ಮಾಡ್ತಾರೆ ಗುರು?" ಅಂತ ನನ್ನ ಕ್ವಿಜ್ ಗೆಳೆಯರು ಕೇಳ್ತಾರೆ. ಒಪ್ಪಿದೆ. ಕಾವೇರಿ ಯಾವುದು ಅಂತ ಗೊತ್ತಿಲ್ಲದೆ ಕಾವೇರಿ ಕಣಿವೆ ಬಗ್ಗೆ ಮಾತಾಡೋಕಾಗಲ್ಲ. ನೆನಪಿಗೆ ಇಪ್ಪತ್ತು ಅಂಕ ಇಡಿ, ಮೂವತ್ತೇ ಇಡಿ. ನೂರಕ್ಕೆ ನೂರು ಯಾಕೆ? ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇದರ ಗತಿ ನೋಡಿದ್ದೀವಲ್ಲ. ಭಾರತದ ಭೂಪಟ ಬರೀರಿ ಅಂತ ಪ್ರಶ್ನೆ, ಅದಕ್ಕೆ ಪ್ಲಾಸ್ಟಿಕ್ ಅಚ್ಚು ಇಟ್ಟು ಗೀಚಿ ಗೀಚಿ ಪ್ರಾಕ್ಟೀಸು, ಒಳಗೆ 23½ ಡಿಗ್ರಿ ಉತ್ತರ ಅಕ್ಷಾಂಶ, 82½ ಡಿಗ್ರಿ ಪೂರ್ವ ರೇಖಾಂಶ ಅಂತ ಎರಡು ಗೆರೆ. ಆ ಗೆರೆ ಅಲ್ಲೇ ಯಾಕೆ ಹೋಗುತ್ತೆ ಅಂತ ಎಷ್ಟು ಜನ ಕೇಳಿದ್ವಿ?

ಇದೆಲ್ಲ ಮಕ್ಕಳಾಟ ಅನ್ನೋರು 2022ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಔಟರ್ ರಿಂಗ್ ರೋಡು ಕೆರೆ ಆಗಿ, ಯಮಲೂರಿನಿಂದ ಟೆಕ್ಕಿಗಳು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ ಅದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದ ಊರು. ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಅಂತ ಮೂರು ದೊಡ್ಡ ಕಣಿವೆಗಳಲ್ಲಿ ಇಳಿಯುತ್ತೆ. ಇದು ಗುಟ್ಟೇನಲ್ಲ, ನಕ್ಷೆ ನೋಡಿದ ಯಾರಿಗೂ ಕಾಣುತ್ತೆ. ಆದರೂ ಕಣಿವೆ ತಳದಲ್ಲಿ ಕೋಟಿಗಟ್ಟಲೆ ಕೊಟ್ಟು ಮನೆ ತಗೊಂಡವರು, ರಾಜಕಾಲುವೆ ಮೇಲೆ ಪ್ಲಾನ್ ಪಾಸು ಮಾಡಿದವರು, ಕಟ್ಟಿದವರು ಎಲ್ಲರೂ ಓದಿದವರೇ. ಅವರಲ್ಲಿ ಸ್ಕೂಲ್ ಕ್ವಿಜ್ ಚಾಂಪಿಯನ್ನುಗಳೂ ಇದ್ದಿರಬಹುದು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಪ್ರಿಲಿಮ್ಸ್ ಬದಲಾಯಿಸಿ ಸಾಕು, ಫೈನಲ್ಸ್ ತಾನಾಗೇ ಬದಲಾಗುತ್ತೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ಈಗ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. ಅದರಲ್ಲಿ ಶಾಲೆ ಇರೋ ತುಂಡನ್ನ ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ತಂಡಕ್ಕೊಂದು ಕೊಡಿ. ನಕ್ಷೆಯ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಅರ್ಧ ಕಿಲೋಮೀಟರ್, ಇಷ್ಟು ಹೇಳಿಕೊಟ್ಟು ಐದೇ ಪ್ರಶ್ನೆ ಕೇಳಿ. ಪ್ರಶ್ನೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ, ಉತ್ತರ ಯಾವ ಭಾಷೆಯಲ್ಲಿದ್ರೂ ಅಂಕ ಸಿಗಲಿ. ಶಾಲೆಯಿಂದ ಯಾರು ಬರಬೇಕು ಅನ್ನೋದನ್ನ ರ್‍ಯಾಂಕ್ ಲಿಸ್ಟ್ ನೋಡಿ ತೀರ್ಮಾನ ಮಾಡಬೇಡಿ. ಮನೆಯಿಂದ ಶಾಲೆವರೆಗಿನ ದಾರಿಯ ನಕ್ಷೆ ಬರ್ಕೊಂಡು ಬನ್ನಿ ಅಂತ ಇಡೀ ಕ್ಲಾಸಿಗೆ ಹೇಳಿ, ಅದನ್ನ ನೋಡಿ ಇಬ್ಬರನ್ನ ಆರಿಸಿ. ಆಮೇಲೆ ನಲವತ್ತು ನಿಮಿಷ ಆಡಿಟೋರಿಯಮ್ಮಿನಿಂದ ಹೊರಗೆ ಕರ್ಕೊಂಡು ಹೋಗಿ ರಾಜಕಾಲುವೆ ತೋರಿಸಿ. ಮೌಲ್ಯಮಾಪನ ಕಷ್ಟ, ಹೌದು. ಇಪ್ಪತ್ತೈದು ಉತ್ತರಕ್ಕೆ ಟಿಕ್ ಹಾಕೋಕೆ ಇಬ್ಬರು ವಾಲಂಟಿಯರ್ ಸಾಕು. ಇದಕ್ಕೆ ಹತ್ತು ಜನ ಬೇಕಾಗ್ತಾರೆ, ಅರ್ಧ ದಿನ ಕೂತು ಓದಬೇಕು. ನಿಮ್ಮ ಆಫೀಸಿನ ಸಿಎಸ್‌ಆರ್ ಟೀಮು ಮುಂದಿನ ಸಲ ಟೀ ಶರ್ಟ್ ಸೈಜು ಕೇಳೋಕೆ ಬಂದಾಗ, ಪೇಪರ್ ಓದೋಕೆ ಜನ ಇದ್ದಾರಾ ಅಂತ ಅವರನ್ನ ಕೇಳಿ. ಒಂದು ಹೆಸರು ನನ್ನದು ಬರ್ಕೊಳ್ಳಿ. ಇನ್ನು ಒಂಬತ್ತು ಜನ ಬೇಕು.