ಬೋರ್ಡಿನ ಮೇಲೆ ಕನ್ನಡ ಬಂತು, ಕೌಂಟರಿನೊಳಗೆ ಯಾವಾಗ?

ಸ್ವಾಭಿಮಾನಿ ಕನ್ನಡ ತರುಣರೇ,

ಬೆಂಗಳೂರಿನ ಅಂಗಡಿಗಳ ನೆತ್ತಿಯ ಮೇಲೆ ಈಗ ಕನ್ನಡ ಕಾಣುತ್ತಿದೆ. ಅದು ಯಾರೂ ದಾನವಾಗಿ ಕೊಟ್ಟದ್ದಲ್ಲ. 2023ರ ಡಿಸೆಂಬರ್‌ನಲ್ಲಿ ನೀವು ಬೀದಿಗೆ ಇಳಿದಿರಿ, ನಿಮ್ಮಲ್ಲಿ ಕೆಲವರು ಜೈಲನ್ನೂ ಕಂಡಿರಿ. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದಾಯಿತು. ಸಂತೋಷ!

ಆದರೆ ಅದೇ ಬೋರ್ಡಿನ ಕೆಳಗಿರುವ ಗಾಜಿನ ಬಾಗಿಲನ್ನು ತಳ್ಳಿ ಒಳಗೆ ಹೋಗಿ. ಕೌಂಟರಿನಲ್ಲಿ ಕನ್ನಡ ಶೇಕಡಾ ಎಷ್ಟು? ಬಿಲ್ಲಿನಲ್ಲಿ ಎಷ್ಟು? ಡಬ್ಬಿಯ ಮೇಲೆ ಎಷ್ಟು? ಸೊನ್ನೆ! ನೆತ್ತಿಯ ಮೇಲೆ ಮಲ್ಲಿಗೆ, ಹೊಟ್ಟೆಯೊಳಗೆ ಹಸಿವು.

ಇದು ಬರೀ ಅಭಿಮಾನದ ಮಾತಲ್ಲ, ಜೇಬಿನ ಮಾತು. ಅಂಗಡಿಯಲ್ಲಿ ನಮ್ಮ ಭಾಷೆ ಇಲ್ಲದಿದ್ದರೆ ನಾವು ಮೋಸ ಹೋಗುತ್ತೇವೆ. ನಾನು ಹೋಗಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾವಿರದ ಇನ್ನೂರು ವ್ಯಾಟಿನ ಸುಳ್ಳು

ನಾನು ಗಡಿಯವನು. ಬೀದರ್ ಜಿಲ್ಲೆಯ ಗೋರ್ಟಾ (ಬಿ) ನನ್ನೂರು, ಬಸವಕಲ್ಯಾಣದಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದೇನೆ. ಓದಿದ್ದು ಪಿಯುಸಿ. ನಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಓಡಾಡುತ್ತವೆ. ನನಗೂ ಮೂರೂ ಬರುತ್ತವೆ. ಆದ್ದರಿಂದ "ಭಾಷೆ ಬಾರದವನು, ಅದಕ್ಕೇ ಕೂಗಾಡುತ್ತಾನೆ" ಎಂದು ಯಾರೂ ಹೇಳಬೇಕಾಗಿಲ್ಲ.

ನಮ್ಮವ್ವನಿಗೆ ವಚನ, ತತ್ವಪದ ಎಂದರೆ ಜೀವ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನ ಮೊಬೈಲಿನ ಕಡ್ಡಿಪೆಟ್ಟಿಗೆಯಷ್ಟು ಸ್ಪೀಕರಿನಲ್ಲಿ ಕೇಳಿ ಕೇಳಿ ಅವಳಿಗೆ ಬೇಸರವಾಗಿತ್ತು. ಒಂದು ಒಳ್ಳೆಯ ಸ್ಟೀರಿಯೋ ತರೋಣ ಎಂದುಕೊಂಡೆ. ಪ್ರೆಸ್ಸಿನ ಬಿಡಿಭಾಗ ತರಲು ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಮಳಿಗೆಗೆ ಹೊಕ್ಕೆ.

ಕನ್ನಡದಲ್ಲಿ ಕೇಳಿದೆ. ಕೌಂಟರಿನ ಹುಡುಗ ಹಿಂದಿಯಲ್ಲಿ ಉತ್ತರ ಕೊಟ್ಟ. ಮತ್ತೆ ಕನ್ನಡದಲ್ಲಿ ಕೇಳಿದೆ. ಅವನು ಪಕ್ಕದವನ ಮುಖ ನೋಡಿ ನಕ್ಕ. ಆಗ ನಾನು ಮಾಡಿದ್ದೇನು? ನಾಚಿಕೆಯಿಂದ ಹೇಳುತ್ತೇನೆ: ನಾನೂ ಹಿಂದಿಗೆ ಇಳಿದೆ! ಕರ್ನಾಟಕದ ರಾಜಧಾನಿಯಲ್ಲಿ, ಹಣ ಕೊಡುವವನು ನಾನೇ ಆಗಿದ್ದರೂ, ತಲೆ ತಗ್ಗಿಸಿದವನೂ ನಾನೇ.

ಅವನು ತೋರಿಸಿದ್ದು ಡಬ್ಬಿಯನ್ನು. ಅದರ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ "1200 ವ್ಯಾಟ್, ಪಿಎಂಪಿಒ". ಒಂದು ಸಿನಿಮಾ ಹಾಡು ಹಾಕಿದ. ದಬ್, ದಬ್, ದಬ್! ಮಳಿಗೆಯ ಗಾಜು ನಡುಗಿತು. ನನ್ನ ಎದೆಯೂ ನಡುಗಿತು. ಹನ್ನೆರಡು ಸಾವಿರ ಎಣಿಸಿಕೊಟ್ಟು ಹೊತ್ತು ತಂದೆ.

ಊರಿಗೆ ಬಂದು ವಚನ ಹಾಕಿದರೆ ಅವ್ವ ಅಂದಳು: "ಯಪ್ಪಾ, ಇದರಾಗ ಮಾತೇ ತಿಳಿಯಂಗಿಲ್ಲಲ್ಲೋ. ಬರೇ ಗುದ್ದಿದಂಗ ಆಗ್ತದ."

ಪೆಟ್ಟಿಗೆಯ ಬೆನ್ನು ತಿರುಗಿಸಿ ನೋಡಿದೆ. ಅಲ್ಲಿ ಅಂಟಿಸಿದ ಚೀಟಿಯಲ್ಲಿ ಸಣ್ಣದಾಗಿ ಬರೆದಿತ್ತು: 230 ವೋಲ್ಟ್, 50 ಹರ್ಟ್ಸ್, 45 ವ್ಯಾಟ್. ಗೋಡೆಯಿಂದ 45 ವ್ಯಾಟ್ ಕುಡಿಯುವ ಪೆಟ್ಟಿಗೆ 1200 ವ್ಯಾಟ್ ಹೊರಗೆ ಕೊಡುವುದು ಹೇಗೆ? ಒಂದು ಸೇರು ಹಾಲು ಕುಡಿದ ಕರು ಮೂವತ್ತು ಸೇರು ಹಾಲು ಕರೆಯುತ್ತದೆಯೇ?

ಫೋನ್ ಮಾಡಿದೆ. "ಬಿಲ್ಲಿನ ಹಿಂದೆ ನೋಡಿ" ಎಂದರು. ನೋಡಿದೆ. ಮಾರಿದ ಮಾಲು ವಾಪಸ್ ಇಲ್ಲ, ಇಂಗ್ಲಿಷಿನಲ್ಲಿ, ಐದು ಪಾಯಿಂಟ್ ಅಕ್ಷರದಲ್ಲಿ! ಅಕ್ಷರದ ಅಳತೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ನನ್ನ ಕಸುಬು. ಓದಬೇಕೆಂದು ಮುದ್ರಿಸಿದ ಅಕ್ಷರ ಯಾವುದು, ಓದಬಾರದೆಂದು ಮುದ್ರಿಸಿದ ಅಕ್ಷರ ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಹುಮನಾಬಾದಿನ ಪಾಠ

ಆ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕಳೆದುಕೊಂಡೆ. ಆಮೇಲೆ ಗೆಳೆಯನೊಬ್ಬ ಹುಮನಾಬಾದಿನ ಒಬ್ಬ ವ್ಯಾಪಾರಿಯ ಹತ್ತಿರ ಕರೆದೊಯ್ದ. ಎರಡು ಖೋಲಿಯ ಅಂಗಡಿ. ಆತನ ಮನೆಮಾತು ಮರಾಠಿ. ಆದರೆ ಗಿರಾಕಿಯ ಹತ್ತಿರ ಆಡುವುದು ಗಿರಾಕಿಯ ಮಾತು. ನಾನು ಮತ್ತೆ ವ್ಯಾಟ್ ಎಷ್ಟು ಎಂದೆ. ಆತ ಕೈ ಅಡ್ಡ ಮಾಡಿದ.

"ಅಣ್ಣಾರ, ವ್ಯಾಟ್ ಆಮ್ಯಾಲ ನೋಡೋಣು. ಮೊದ್ಲ ಖೋಲಿ ಎಷ್ಟ್ ಅದ ಹೇಳ್ರಿ. ಯಾರ್ ಕೇಳ್ತಾರ, ಏನ್ ಕೇಳ್ತಾರ ಅದು ಹೇಳ್ರಿ."

ತರುಣರೇ, ವ್ಯಾಪಾರಿಯ ಸಹಾಯ ಎಂದರೆ ಇದು! ಡಬ್ಬಿ ತೋರಿಸುವವನು ಬರೀ ಮಾರುವವನು. ಪ್ರಶ್ನೆ ಕೇಳುವವನು ವ್ಯಾಪಾರಿ. ಕೇಳುವ ಪ್ರಶ್ನೆ ನಮ್ಮ ಭಾಷೆಯಲ್ಲಿ ಇಲ್ಲದಿದ್ದರೆ ನಾವು ಉತ್ತರ ಕೊಡುವುದಾದರೂ ಹೇಗೆ? ಆತ ಕನ್ನಡದಲ್ಲಿ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಪಿಎಂಪಿಒ ಎನ್ನುವುದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತಿನ ಗರಿಷ್ಠ ಜೋರು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ನಿಯಮವೇ ಇಲ್ಲ, ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ನೀವು ಕೇಳಬೇಕಾದದ್ದು ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಹತ್ತು ಅಡಿ ಹನ್ನೆರಡು ಅಡಿಯ ಖೋಲಿಗೆ ಒಂದೊಂದು ಸ್ಪೀಕರಿಗೆ 20ರಿಂದ 30 ವ್ಯಾಟ್ ಆರ್‌ಎಂಎಸ್ ಧಾರಾಳವಾಯಿತು.

ಎರಡು: ವ್ಯಾಟಿಗಿಂತ ಮೊದಲು ಸ್ಪೀಕರಿನ ಸೆನ್ಸಿಟಿವಿಟಿ ಕೇಳಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬಲ್ ಎಂಬ ಲೆಕ್ಕ ಅದು. 87 ಡೆಸಿಬಲ್ ಸ್ಪೀಕರಿಗೂ 90 ಡೆಸಿಬಲ್ ಸ್ಪೀಕರಿಗೂ ಮೂರೇ ಅಂಕಿಯ ವ್ಯತ್ಯಾಸ. ಆದರೆ ಅಷ್ಟೇ ಜೋರು ಕೇಳಬೇಕಾದರೆ ಮೊದಲನೆಯದಕ್ಕೆ ಎರಡರಷ್ಟು ವ್ಯಾಟ್ ಬೇಕು. ಕುಂಟೆತ್ತಿಗೆ ಎರಡು ಪಟ್ಟು ಮೇವು ಹಾಕಿದಂತೆ.

ಮೂರು: ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ ಕೊಳ್ಳುವುದಾದರೆ ಓಮ್ ಹೊಂದಿಸಿ ನೋಡಿ. 8 ಓಮ್‌ಗೆ ಮಾಡಿದ ಆಂಪ್ಲಿಫೈಯರಿಗೆ 4 ಓಮ್ ಸ್ಪೀಕರ್ ಹಚ್ಚಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಪೆಟ್ಟಿಗೆ ಕಾಯುತ್ತದೆ, ಕೊನೆಗೆ ಸುಡುತ್ತದೆ.

ನಾಲ್ಕು: ಅವರ ಹಾಡಲ್ಲ, ನಿಮ್ಮ ಹಾಡು ಹಾಕಿಸಿ. ಬಾಯಿಪಾಠ ಬರುವಂಥ ಕನ್ನಡ ಹಾಡೊಂದನ್ನು ಜೊತೆಗೆ ಒಯ್ಯಿರಿ. ಬಾಸ್ ಬೂಸ್ಟ್ ಆರಿಸಲು ಹೇಳಿ. ಎರಡು ಸೆಟ್ ಹೋಲಿಸುವಾಗ ಎರಡರ ಜೋರೂ ಸಮ ಇರಲಿ, ಯಾಕೆಂದರೆ ಜೋರಾಗಿದ್ದದ್ದೇ ನಮ್ಮ ಕಿವಿಗೆ ಚೆಂದ ಎನಿಸುತ್ತದೆ. ಮಾರುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಐದು: ಸ್ಟೀರಿಯೋ ಎಂದರೆ ಎರಡು ಸ್ಪೀಕರ್. ಅವೆರಡು ಮತ್ತು ನೀವು ಕೂಡುವ ಜಾಗ ಸೇರಿ ಮುಕ್ಕೋನ ಆಗಬೇಕು. ಸಣ್ಣ ಸ್ಪೀಕರು ಕಿವಿಯ ಎತ್ತರಕ್ಕೆ ಇರಲಿ. ಮೂಲೆಗೆ ತುರುಕಿದರೆ ಗುಮ್ಮೆನ್ನುತ್ತದೆ, ಗೋಡೆಯಿಂದ ಒಂದಡಿಯಾದರೂ ಈಚೆ ಎಳೆಯಿರಿ. ಆರ್‌ಸಿಸಿ ಛತ್ತು, ಟೈಲ್ಸ್ ನೆಲ ಇದ್ದರೆ ದನಿ ಒದ್ದಾಡುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಎದುರು ಗೋಡೆಗೆ ಅವ್ವ ಹೊಲಿದ ಕೌದಿ ತೂಗುಹಾಕಿ. ಸಾವಿರಾರು ರೂಪಾಯಿಯ ಯಂತ್ರ ಮಾಡದ ಕೆಲಸವನ್ನು ಹಳೆ ಸೀರೆಯ ಕೌದಿ ಮಾಡುತ್ತದೆ.

ಆತ ಹೇಳಿದ ಕಡೆಯ ಮಾತು ಮಾತ್ರ ನನ್ನ ಎದೆಯಲ್ಲಿ ಉಳಿದಿದೆ. "ಧಡಲ್ ಅನ್ನೋದು ಯಾರ್ ಬೇಕಾದ್ರೂ ಕೊಡ್ತಾರ್ರಿ. ಅಕ್ಷರ ಕೇಳಸ್ಬೇಕು."

ಅಕ್ಷರ ಕೇಳಿಸಬೇಕು! ಮಾತಿನ ವ್ಯಂಜನಗಳ ಸ್ಪಷ್ಟತೆ ಇರುವುದು ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ. ದಬ್ ದಬ್ ಇರುವುದು 100 ಹರ್ಟ್ಸ್ ಆಸುಪಾಸಿನಲ್ಲಿ. ಕೆಳಗಿನದನ್ನು ಉಬ್ಬಿಸಿದಷ್ಟೂ ಮೇಲಿನದು ಮುಳುಗುತ್ತದೆ. ಲಕಾರ ಯಾವುದು, ಳಕಾರ ಯಾವುದು ತಿಳಿಯದ ಪೆಟ್ಟಿಗೆಯಲ್ಲಿ ವಚನ ಕೇಳಿ ಮಾಡುವುದೇನು? ವಚನ ಎಂದರೆ ಮಾತೇ ಅಲ್ಲವೇ? ಆ ಹಳೆಯ ಪೆಟ್ಟಿಗೆ ಕನ್ನಡವನ್ನು ನುಂಗುತ್ತಿತ್ತು. ಅದನ್ನು ಮಾರಿದ ಮಳಿಗೆಯೂ ಅದನ್ನೇ ಮಾಡಿತ್ತು!

ಕೊನೆಗೆ ಎರಡು ಪುಟ್ಟ ಸ್ಪೀಕರ್, ಒಂದು ಸಾದಾ ಆಂಪ್ಲಿಫೈಯರ್ ತಂದೆ. ಕಳೆದುಕೊಂಡಿದ್ದಕ್ಕಿಂತ ಎರಡು ಸಾವಿರ ಕಡಿಮೆ. ಮನ್ಸೂರರ ದನಿಯ ಹಿಂದೆ ತಂಬೂರಿ ಕೇಳಿಸಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಾನೂನು ಯಾರ ಕಡೆ?

ಈಗ ಕಾನೂನು ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ತಿಳಿದುಕೊಳ್ಳುವುದು ಗ್ರಾಹಕನ ಹಕ್ಕು ಎನ್ನುತ್ತದೆ. ತಿಳಿಯುವುದು ಯಾವ ಭಾಷೆಯಲ್ಲಿ? ಅದಕ್ಕೆ ಉತ್ತರ 2011ರ ಪೊಟ್ಟಣ ಸರಕುಗಳ ನಿಯಮದಲ್ಲಿದೆ. ಪೊಟ್ಟಣದ ಮೇಲಿನ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕಂತೆ! ಬೇರೆ ಭಾಷೆ ಬೇಕಾದರೆ ಹೆಚ್ಚಿಗೆ ಸೇರಿಸಿಕೊಳ್ಳಬಹುದಂತೆ. ಅಂದರೆ ಹಿಂದಿ, ಇಂಗ್ಲಿಷ್ ಊಟ. ಕನ್ನಡ ಉಪ್ಪಿನಕಾಯಿ, ಬಡಿಸಿದರೂ ಸರಿ, ಬಿಟ್ಟರೂ ಸರಿ! ತಿಳಿಯುವ ಹಕ್ಕು ಕೊಟ್ಟ ಕೈಯೇ ತಿಳಿಯದ ಭಾಷೆಯಲ್ಲಿ ಅದನ್ನು ಬರೆದುಕೊಟ್ಟರೆ ಆ ಹಕ್ಕಿಗೆ ಬೆಲೆ ಏನು?

ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಕರ್ನಾಟಕದಲ್ಲಿ ತಯಾರಾದ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲಿಯೂ ಇರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ಡಬ್ಬಿ? ಅದಕ್ಕೆ ಕನ್ನಡದ ಕಟ್ಟಿಲ್ಲ.

ನಮ್ಮ ಗೋರ್ಟಾದ ಹಿರಿಯರಿಗೆ ಈ ನೋವು ಹೊಸದಲ್ಲ. ನಿಜಾಮನ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು. ಹೊಲದ ಕಾಗದ, ಸಾಲದ ಕಾಗದ, ಯಾವುದನ್ನೂ ಓದಲಾಗದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರೆಂದು ನಮ್ಮೂರು ಇಂದಿಗೂ ನೆನೆಯುತ್ತದೆ. ಆ ರಕ್ತವನ್ನು ಒಂದು ಸ್ಪೀಕರ್ ಡಬ್ಬಿಯ ಜೊತೆ ನಾನು ತೂಗುತ್ತಿಲ್ಲ, ತೂಗಲೂಬಾರದು. ಉರ್ದು ಮಾತಾಡುವ ನೆರೆಯವರ ಮೇಲೂ ನನಗೆ ಸಿಟ್ಟಿಲ್ಲ. ಕೇಳುವುದು ಇಷ್ಟೇ: ನಿಜಾಮ ಹೋದ, 1956ರಲ್ಲಿ ನಾಡು ಒಂದಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಗತಿ ಮಾತ್ರ ಹೋಗಲಿಲ್ಲವಲ್ಲ!

ಕಳ್ಳ ನಮ್ಮೊಳಗೂ ಇದ್ದಾನೆ

ಇಲ್ಲಿಯವರೆಗೆ ಬೇರೆಯವರನ್ನು ಬೈದೆ. ಈಗ ನನ್ನ ಸರದಿ.

ಬಿಲ್ ಪುಸ್ತಕ ಮುದ್ರಿಸುವವನು ನಾನು. ನಮ್ಮ ಊರುಗಳ ಕಿರಾಣಿ, ಬಟ್ಟೆ, ಮಿಕ್ಸರ್-ಫ್ಯಾನ್ ಅಂಗಡಿಗಳ ಬಿಲ್ಲು ನನ್ನ ಮೆಷಿನ್ನಿನಿಂದಲೇ ಹೊರಬರುತ್ತವೆ. ಬಹಳಷ್ಟು ಇಂಗ್ಲಿಷಿನಲ್ಲಿ! "ಇಂಗ್ಲಿಷ್ ಇರ್ಲಿ, ಘನತೆ ಇರ್ತದ" ಎಂದು ಅಂಗಡಿಯವನು ಹೇಳುತ್ತಾನೆ, ನಾನು ಹೂಂ ಎನ್ನುತ್ತೇನೆ. ಕನ್ನಡ ಓದುವ ಗಿರಾಕಿಗೆ ಕನ್ನಡದವನೇ ಇಂಗ್ಲಿಷ್ ಬಿಲ್ ಕೊಡುತ್ತಾನೆ, ಅದನ್ನು ಕನ್ನಡದವನೇ ಮುದ್ರಿಸುತ್ತಾನೆ. ಬೆಂಗಳೂರಿನ ಆ ಹುಡುಗನಿಗಿಂತ ನಾನು ಯಾವ ಲೆಕ್ಕದಲ್ಲಿ ದೊಡ್ಡವನು? ಅವನು ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವನು, ಅವನಿಗೆ ಯಾರೂ ಕನ್ನಡ ಕಲಿಸಿಲ್ಲ. ತಪ್ಪು ಅವನದಲ್ಲ. ಅವನನ್ನು ಕನ್ನಡ ಕಲಿಸದೆ ಕೌಂಟರಿಗೆ ನಿಲ್ಲಿಸಿದ ಧಣಿಯದು, ಕೇಳದೆ ಹಣ ಎಣಿಸಿಕೊಟ್ಟ ನನ್ನದು.

ಆದ್ದರಿಂದ ಈಗ ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮ ಮಾಡಿದ್ದೇನೆ. ಬಿಲ್ ಪುಸ್ತಕಕ್ಕೆ ಕನ್ನಡ ಜೋಡಿಸಲು ಹೆಚ್ಚಿಗೆ ಹಣ ಇಲ್ಲ, ಷರತ್ತುಗಳು ಕನ್ನಡದಲ್ಲಿ, ಎಂಟು ಪಾಯಿಂಟಿಗಿಂತ ಸಣ್ಣ ಅಕ್ಷರ ಹಾಕುವುದಿಲ್ಲ. ಇಬ್ಬರು ಗಿರಾಕಿಗಳು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ!

ನಿಮ್ಮ ಕೆಲಸ

ನಗರದ ತರುಣರೇ, ನಿಮಗೆ ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ. ನಿಮ್ಮ ವ್ಯವಹಾರ ಹೇಗೋ ನಡೆಯುತ್ತದೆ. ಆದರೆ ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಅವ್ವನಿಗೆ ಬರುವುದಿಲ್ಲ. ನೀವು ಕನ್ನಡದಲ್ಲಿ ಕೇಳದಿದ್ದರೆ ಅವಳು ಕೇಳುವ ಧೈರ್ಯ ಎಲ್ಲಿಂದ ತರಬೇಕು?

ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿ. ಉತ್ತರ ಬರದಿದ್ದರೆ ಕನ್ನಡ ಬಲ್ಲವರನ್ನು ಕರೆಸಿ. ಆ ಹುಡುಗನ ಮೇಲೆ ಕೂಗಾಡಬೇಡಿ, ಮಾಲೀಕನನ್ನು ಕೇಳಿ. ಅವನೂ ಕೇಳದಿದ್ದರೆ ಎದ್ದು ಬನ್ನಿ. ಜೇಬಿನಲ್ಲಿ ಉಳಿದ ನೋಟಿಗಿಂತ ದೊಡ್ಡ ಘೋಷಣೆ ಇಲ್ಲ. ಕನ್ನಡದಲ್ಲಿ ಬಿಡಿಸಿ ಹೇಳುವ ವ್ಯಾಪಾರಿ ಸಿಕ್ಕರೆ, ಅವನ ಮನೆಮಾತು ಯಾವುದೇ ಇರಲಿ, ಅವನು ನಮ್ಮವನು. ಹತ್ತು ಜನರಿಗೆ ಅವನ ಅಂಗಡಿ ತೋರಿಸಿ. ಬಿಲ್ ಕೇಳಿ ಪಡೆಯಿರಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಎಂದು ಅದೇ 2019ರ ಕಾಯ್ದೆ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಿ. ಆದರೆ ಒಂದು ನೆನಪಿರಲಿ: ನನ್ನ ಪೆಟ್ಟಿಗೆ ಕೆಟ್ಟಿರಲಿಲ್ಲ, ನನಗೆ ತಕ್ಕದ್ದಾಗಿರಲಿಲ್ಲ ಅಷ್ಟೇ. ಅದಕ್ಕೆ ಕಾನೂನಿನಲ್ಲಿ ಸುಲಭದ ಮದ್ದಿಲ್ಲ. ಕೊಳ್ಳುವ ಮೊದಲೇ ಕನ್ನಡದಲ್ಲಿ ಕೇಳುವುದೇ ಒಳ್ಳೆಯ ಮದ್ದು.

ಸರ್ಕಾರಕ್ಕೆ ನಮ್ಮ ಬೇಡಿಕೆ ಎರಡೇ. ಕರ್ನಾಟಕದಲ್ಲಿ ಮಾರುವ ಪ್ರತಿ ಸರಕಿನ ಜೊತೆ ಕನ್ನಡದ ಬಳಕೆ ಪುಸ್ತಿಕೆ, ಕನ್ನಡದ ವಾರಂಟಿ ಕಾರ್ಡು ಕಡ್ಡಾಯವಾಗಲಿ. ಕೇಂದ್ರದ ಪೊಟ್ಟಣ ನಿಯಮದಲ್ಲಿ "ಹಿಂದಿ ಅಥವಾ ಇಂಗ್ಲಿಷ್" ಎಂಬ ಜಾಗದಲ್ಲಿ ಆಯಾ ರಾಜ್ಯದ ಭಾಷೆ ಕೂರಲಿ.

ಬೋರ್ಡಿನ ಅಕ್ಷರ ದೂರದಿಂದ ನೋಡುವವರಿಗೆ. ಬದುಕುವವರಿಗೆ ಬೇಕಾದದ್ದು ಬಿಲ್ಲಿನ ಅಕ್ಷರ, ಡಬ್ಬಿಯ ಅಕ್ಷರ, ಕೌಂಟರಿನ ಮಾತು. ಹುಮನಾಬಾದಿನ ಆ ವ್ಯಾಪಾರಿ ಅಂದದ್ದು ಸ್ಪೀಕರಿಗೆ ಮಾತ್ರವಲ್ಲ, ಇಡೀ ನಾಡಿಗೆ ಸಲ್ಲುವ ಮಾತು.

ಅಕ್ಷರ ಕೇಳಿಸಬೇಕು!

ಜೈ ಕರ್ನಾಟಕ!