ಮೊದಲ ಸಾಲಿನಲ್ಲಿದ್ದ ಆಕಾಶ

ಕಳೆದ ತಿಂಗಳು ಒಂದು ವಿಚಾರಸಂಕಿರಣದಲ್ಲಿ ವಿಮಾನಯಾನ ಒಪ್ಪಂದಗಳ ಬಗ್ಗೆ ಪ್ರಬಂಧ ಓದಿದೆ. 'ಇದರಲ್ಲಿ ನಾಡಿನ ಚರಿತ್ರೆ ಎಲ್ಲಿದೆಯಮ್ಮಾ?' ಎಂದರು ಹಿರಿಯರೊಬ್ಬರು. ಸಭೆ ನಕ್ಕಿತು. ಶೆಟ್ಟಿಹಳ್ಳಿಯ ನನ್ನ ಬಾಡಿಗೆ ಕೋಣೆಯ ಮೇಲೆ ವಾಯುಪಡೆಯ ವಿಮಾನ ಗುಡುಗಿದಾಗಲೆಲ್ಲ ಆ ನಗು ನೆನಪಾಗಿ ಸಿಟ್ಟು ಬರುತ್ತದೆ. ಚರಿತ್ರೆಯೆಂದರೆ ನೆಲ, ಗಡಿ, ನುಡಿ ಅಷ್ಟೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

1947ರಲ್ಲಿ ಸಂಸ್ಥಾನಗಳ ಮುಂದಿಟ್ಟ ಯಥಾಸ್ಥಿತಿ ಒಪ್ಪಂದದ ಪಟ್ಟಿ ನೋಡಿ. ಮೊದಲ ಬಾಬತ್ತೇ ವಿಮಾನ ಸಂಪರ್ಕ. ನಾಣ್ಯ, ರೈಲು, ಉಪ್ಪು ಎಲ್ಲ ಆಮೇಲೆ. (ಇಂಗ್ಲಿಷ್ ಅಕ್ಷರಾನುಕ್ರಮದ ಕೃಪೆ, ನಿಜ. ಆದರೂ ಪಟ್ಟಿಯಲ್ಲಿತ್ತಲ್ಲ!) ಮೈಸೂರು ಮಹಾರಾಜರು ಸಹಿ ಹಾಕಿದ ವಿಲೀನ ಪತ್ರದಲ್ಲೂ ವಿಮಾನ ಸಂಚಾರ, ನಿಲ್ದಾಣಗಳೆಲ್ಲ ಒಕ್ಕೂಟದ ಪಾಲಾದವು.

ಹೈದರಾಬಾದಿನ ನಿಜಾಮರು ವಿಲೀನಕ್ಕೆ ಒಪ್ಪದೆ, 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕಷ್ಟೇ ಸಹಿ ಹಾಕಿದರು. ಮರುವರ್ಷ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಕದ್ದು ಶಸ್ತ್ರಾಸ್ತ್ರ ತಂದು ಇಳಿಸಿದ. ಇಳಿಸಿದ ಜಾಗಗಳಲ್ಲಿ ನಮ್ಮ ಬೀದರೂ ಒಂದು. ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ರಾಷ್ಟ್ರವೇ ಪೂರ್ಣ ಒಡೆಯ ಎಂದಿತ್ತು 1944ರ ಷಿಕಾಗೋ ಒಡಂಬಡಿಕೆ. ಆ ನೆಲ ಯಾರದ್ದು ಎಂಬುದೇ ಜಗಳವಾಗಿದ್ದರೆ? 1948ರ ಸೆಪ್ಟೆಂಬರಿನಲ್ಲಿ ಸೇನೆಯೇ ಉತ್ತರ ಕೊಟ್ಟಿತು. ನಾನು ಓದಿದ ವಿಮೋಚನೆಯ ಕಥನಗಳಲ್ಲಿ ರಜಾಕಾರರಿದ್ದಾರೆ, ಗಡಿ ಶಿಬಿರಗಳಿವೆ. ಬೀದರಿನ ಆ ರನ್‌ವೇ ಇಲ್ಲ.

ಇದನ್ನೇ ಮಾತುಕತೆಯಲ್ಲಿ ಬಗೆಹರಿಸಿಕೊಂಡವರೂ ಇದ್ದಾರೆ. ಹಾಂಗ್‌ಕಾಂಗಿಗೆ ಯಾರ ವಿಮಾನ ಬರಬೇಕೆಂಬುದು ಬ್ರಿಟನ್ ಮಾಡಿಕೊಂಡ ಒಪ್ಪಂದಗಳಲ್ಲಿ ಅಡಗಿತ್ತು. ಬ್ರಿಟನ್ ಹೊರಟರೆ ಅವೂ ಹೋಗುತ್ತಿದ್ದವು. 1984ರ ಜಂಟಿ ಘೋಷಣೆಯಲ್ಲೇ ಇದಕ್ಕೊಂದು ಅಧ್ಯಾಯ ಇಟ್ಟರು. 1997ರ ಹಸ್ತಾಂತರದೊಳಗೆ, ಚೀನಾದ ಒಪ್ಪಿಗೆ ಪಡೆಯುತ್ತ, ಒಂದೊಂದೇ ದೇಶದ ಜೊತೆ ಕೂತು ಹಾಂಗ್‌ಕಾಂಗ್ ಹೆಸರಿನಲ್ಲೇ ಹೊಸ ಒಪ್ಪಂದ ಮಾಡಿಕೊಂಡರು. ಸಾರ್ವಭೌಮತ್ವ ಬೀಜಿಂಗಿನದು, ಮಾತುಕತೆಯ ಮೇಜಿನಲ್ಲಿ ಕುರ್ಚಿ ಹಾಂಗ್‌ಕಾಂಗಿನದು. ಆ ನಗರದ ಉಳಿದ ಸ್ವಾತಂತ್ರ್ಯಗಳ ಗತಿ ಬೇರೆಯೇ ಕಥೆ.

ನಾನು ಪ್ರತ್ಯೇಕತೆ ಕೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. ವಿದೇಶದೊಡನೆ ಒಪ್ಪಂದ ದೆಹಲಿಯೇ ಮಾಡಲಿ. ಆದರೆ ಯಾವ ಊರಿಗೆ ಯಾವ ದೇಶದ ವಿಮಾನ ಬರಬೇಕೆಂದು ಬರೆಯುವಾಗ ಆ ಊರಿನವರ ಮಾತು ಯಾಕೆ ಬೇಡ? ಮಂಗಳೂರು 1947ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅದನ್ನು ಯಾವ ಮಹಾರಾಜರೂ ಬರೆದುಕೊಟ್ಟದ್ದಲ್ಲ. ಫಲ ಮಾತ್ರ ಒಂದೇ. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಮನೆಮಂದಿ ಎಷ್ಟು ವರ್ಷಗಳಿಂದ ಬೇಡಿದರೂ, ಅಲ್ಲಿನ ಕಂಪನಿಗಳ ವಿಮಾನ ಬಜಪೆಯಲ್ಲಿ ಇಳಿಯುವಂತಿಲ್ಲ. ಒಪ್ಪಂದದ ಊರುಗಳ ಪಟ್ಟಿಯಲ್ಲಿ ಮಂಗಳೂರಿಲ್ಲ. ನಮ್ಮ ದೇಶದ ಒಂದೆರಡು ಕಂಪನಿ ಹೇಳಿದ್ದೇ ದರ.

ಮುಂದಿನ ಸಲ ಆ ಹಿರಿಯರು ಸಿಕ್ಕರೆ, ರಜೆಗೆ ಊರಿಗೆ ಬರುವವರ ಟಿಕೆಟ್ಟೊಂದನ್ನು ಅವರ ಕೈಗೆ ಕೊಡಬೇಕೆಂದಿದ್ದೇನೆ.